ದೇವದಾನಪ್ಪ ಖೋಲಿ ಕೇಳಿದ್ದು

ಗಿರಣಿಯ ಗುಮಾಸ್ತ ದೇವದಾನಪ್ಪ ಸೊಲ್ಲಾಪುರದಲ್ಲಿ ಅದುವರೆಗೆ ಆರು ಬಾಡಿಗೆ ಖೋಲಿ ಕೈತಪ್ಪಿಸಿಕೊಂಡಿದ್ದ. ಎಲ್ಲ ಕಡೆ ಮಾತು ಚೆನ್ನಾಗಿಯೇ ಸಾಗುತ್ತಿತ್ತು. 'ನೀವು ಯಾ ಪೈಕಿ?' ಎಂದಾಗ 'ಕಿರಿಸ್ತಾನರು' ಎಂದನೋ, ಮಾಲಕರಿಗೆ ಊರಿಂದ ಅಳಿಯ ಬರುವುದು ನೆನಪಾಗುತ್ತಿತ್ತು. ಅಕ್ಕಲಕೋಟೆಯಲ್ಲಿ ಹೆಂಡತಿಗೆ ಎಂಟು ತಿಂಗಳು. ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಈ ಸಲ ಸೊಲ್ಲಾಪುರದ ದವಾಖಾನೆಯ ಹತ್ತಿರವೇ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ವಿಜಾಪುರ ರಸ್ತೆಯ ಗಿರಿಜಾಬಾಯಿಯ ಬಾಡಿಗೆ ಮನೆಗಳ ವಾಡೆಗೆ ಹೊರಟಾಗ, ಧರ್ಮದ ಮೇಲೆ ಯಾರು ಏನೇ ಅಂದರೂ ತಕ್ಕ ಉತ್ತರ ಕೊಟ್ಟೇ ಖೋಲಿ ಹಿಡಿಯುವುದೆಂದು ಅವನು ಗಟ್ಟಿ ಮನಸ್ಸು ಮಾಡಿದ್ದ.

'ಕಿರಿಸ್ತಾನರೇನ್ರಿ? ಕೂಡ್ರಿ ಕೂಡ್ರಿ' ಎಂದು ಗಿರಿಜಾಬಾಯಿ ಚಾಪೆ ಹಾಸಿ ಚಹಾ ಕೊಟ್ಟಳು. ಬಗಲಿನ ಬಸಯ್ಯ, ಮಾಳಿಗೆ ಮೇಲಿನ ಗುರಮ್ಮ ಕರೆಯದೇ ಬಂದು ಕೂತರು.

ಬಸಯ್ಯ ದನಿ ತಗ್ಗಿಸಿದ. 'ನಿಮ್ಮ ಗುಡಿಯೊಳಗ ತೀರ್ಥ ಅಂತ ದ್ರಾಕ್ಷಿ ಸೆರೆ ಕೊಡ್ತಾರಂತಲ್ರಿ. ಮನಿಗೂ ತರ್ತೀರೇನು?'

ಬಂತು ಮೊದಲ ಕಲ್ಲು ಎಂದುಕೊಂಡ ದೇವದಾನಪ್ಪ. 'ಸುಳ್ಳ ಮಾತ್ರಿ. ನಮ್ಮ ಗುಡಿಯಾಗ ಅದು ಬರೇ ದ್ರಾಕ್ಷಿ ರಸ, ಒಂದು ಚಮಚ. ಸೆರೆ ನಮ್ಮ ಮನಿತನದಾಗ ಯಾರೂ ಮುಟ್ಟಿಲ್ಲ.'

ಬಸಯ್ಯನ ಮುಖ ಇಳಿಯಿತು. ನಾಚಿಕೊಂಡನೆಂದು ದೇವದಾನಪ್ಪನಿಗೆ ಹಿಗ್ಗಾಯಿತು.

'ಎಪ್ಪತ್ತೆರಡರ ಬರದಾಗ ನಿಮಗ ಅಮೇರಿಕಾದ ಹಾಲಿನ ಪುಡಿ ಬಂತಂತ. ಈಗೂ ಬರ್ತದೇನ್ರಿ?' ಎಂದಳು ಗುರಮ್ಮ.

'ಒಂದು ಹಿಡಿ ಸುದ್ದಾ ಬರಂಗಿಲ್ರಿ ಯವ್ವಾ. ನಮ್ಮ ಅಜ್ಜ ಹೊಟ್ಟಿಪಾಡಿಗೆ ಧರ್ಮ ಬದಲಿ ಮಾಡಿಲ್ಲ, ಮನಸಿಗೆ ಒಪ್ಪಿ ಮಾಡ್ಯಾನ.'

ಗುರಮ್ಮ ನಿಟ್ಟುಸಿರು ಬಿಟ್ಟು ಸೆರಗು ಸರಿಮಾಡಿಕೊಂಡಳು. ಎರಡನೆಯ ವಿಕೆಟ್ಟೂ ಬಿದ್ದಿತ್ತು.

'ಮನ್ಯಾಗ ಎಲ್ಲಾರೂ ಇಂಗ್ರೇಜಿನೇ ಮಾತಾಡ್ತೀರೇನ್ರಿ?' ಗಿರಿಜಾಬಾಯಿ ಮುಂದೆ ಬಾಗಿ ಕೇಳಿದಳು.

ಇದಕ್ಕಂತೂ ದೇವದಾನಪ್ಪನ ರಕ್ತ ಕುದಿಯಿತು. 'ನಾವೇನು ಸಾಹೇಬರ ಮಂದಿ ಅಲ್ರಿ. ಪ್ರಾರ್ಥನಿ ಕನ್ನಡದಾಗ, ಪದ ಕನ್ನಡದಾಗ. ನನಗ ನಾಕು ಸಾಲು ಇಂಗ್ರೇಜಿ ನೆಟ್ಟಗ ಬರಂಗಿಲ್ಲ. ದೇವರಿಗೂ ಅದರ ದರಕಾರ ಇಲ್ಲ.'

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಗೆಲುವು ತಮ್ಮ ಪಾಸ್ಟರಿಗೂ ಸಿಕ್ಕಿರಲಿಕ್ಕಿಲ್ಲ ಎಂದುಕೊಳ್ಳುತ್ತ ದೇವದಾನಪ್ಪ ಚಹಾ ಮುಗಿಸಿದ. 'ಹಂಗಾದ್ರ ನಾಳೆ ಸಾಮಾನು ತರ್ಲೇನ್ರಿ?'

ಗಿರಿಜಾಬಾಯಿ ಕಪ್ಪು ಎತ್ತಿಕೊಂಡಳು. 'ಬ್ಯಾಡ್ರಿ. ಮೊಮ್ಮಗಗ ಇಂಗ್ರೇಜಿ ಕಲಿಸ್ತಾರಂತ ಮೂರು ತಿಂಗಳಿಂದ ಕಿರಿಸ್ತಾನರ ಸಲುವಾಗೇ ಖೋಲಿ ಖಾಲಿ ಇಟ್ಟೀನಿ. ಇವರಿಬ್ಬರೂ ತಮ್ಮ ತಮ್ಮ ಆಸಿ ಇಟ್ಕೊಂಡು ಕೂತಿದ್ರು. ನೀವು ನೋಡಿದ್ರ ನಮ್ಮಂಗೇ ಇದ್ದೀರಿ. ನಮ್ಮಂಥವರು ಈ ವಾಡೆದಾಗ ಹನ್ನೆರಡು ಮನಿ ಅದಾರ.'

ಹೆಂಡತಿಯ ಮುಖ ಕಣ್ಣ ಮುಂದೆ ಬಂದು ದೇವದಾನಪ್ಪನಿಗೆ ನಿಜಕ್ಕೂ ಸಂಕಟವಾಯಿತು. ಇಂಗ್ರೇಜಿ ತಕ್ಕಮಟ್ಟಿಗೆ ಬರುತ್ತದೆ ಎಂದುಬಿಡಲೇ ಎಂದು ಹೊಸ್ತಿಲಲ್ಲಿ ತಿರುಗಿ ನಿಂತ. ಆದರೆ ಕಿರಿಸ್ತಾನರು ಸುಳ್ಳು ಹೇಳುತ್ತಾರೆ ಎಂದು ನಾಳೆ ಊರೆಲ್ಲ ಸುದ್ದಿಯಾದರೆ ಅದಕ್ಕೆ ಉತ್ತರ ಕೊಡುವವರು ಯಾರು? ಚಪ್ಪಲಿ ಮೆಟ್ಟಿಕೊಂಡು ಹೊರಟ.