ನೋವುನುಂಗಿ ಪಟ್ಟಿ

"ನೋವು ಅಂದ್ರೆ ಏನು? ಶಕ್ತಿ! ಶಕ್ತಿ ಸಾಯೋದಿಲ್ಲ ಚಿನ್ಮಯಿ, ಜಾಗ ಬದಲಾಯಿಸುತ್ತೆ ಅಷ್ಟೆ!" ಎಂದು ಶ್ರೀಕಂಠು ಮಾವ ಪಟ್ಟಿಯನ್ನು ಎತ್ತಿ ಹಿಡಿದ.

ಹಳೆಯ ಪ್ಯಾಂಟಿನ ಬೆಲ್ಟು, ಅದರ ಮೇಲೆ ಸಾಲಾಗಿ ರೇಡಿಯೋ ಗುಂಡಿಗಳು, ನಡುವೆ ಕುಕ್ಕರಿನ ವಿಶಲ್ಲು. ಹೆಸರು ನೋವುನುಂಗಿ!

"ಹಾಗಾದ್ರೆ ನನ್ನ ಹೊಟ್ಟೆನೋವು ಎಲ್ಲಿಗೆ ಹೋಗುತ್ತೆ ಮಾವ?"

"ಅದು ಆಮೇಲಿನ ವಿಷಯ!"

ಚಿನ್ಮಯಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಹಿತ್ತಲ ಜಗುಲಿಯ ಚಾಪೆಯ ಮೇಲೆ ಮಂಡಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿ ಮಲಗಿದ್ದಳು. ಮುಟ್ಟಾದವರು ಅಲ್ಲೇ ಇರಬೇಕು, ಒಳಗೆ ಕಾಲಿಡಬಾರದು ಎಂಬುದು ನಂಜಮ್ಮಜ್ಜಿಯ ಕಾನೂನು. ಸಂಜೆ ನಂಜನಗೂಡಿನ ಮೈದಾನದಲ್ಲಿ ಖೋಖೋ ಫೈನಲ್ ಇತ್ತು. ಇವಳೇ ಕ್ಯಾಪ್ಟನ್. ಹೋದ ವರ್ಷದ ಫೈನಲ್ಲಿನಲ್ಲಿ ಇದೇ ನೋವಿಗೆ ಕಂಬದ ಬುಡದಲ್ಲಿ ಕುಸಿದು ಕೂತಿದ್ದಳು, ತಂಡ ಸೋತಿತ್ತು. ಈ ಸಲವೂ ಹಾಗೇ ಆದರೆ ಎಂದು ನೆನೆದರೇ ಅಳು ಬರುತ್ತಿತ್ತು.

ಜಗುಲಿಯಲ್ಲಿ ಪ್ಲಗ್ ಇರಲಿಲ್ಲ. ಮಾವ ಅಡುಗೆಮನೆಯಿಂದ ವೈರ್ ಎಳೆದ, ಪಟ್ಟಿ ಕಟ್ಟಿಸಿದ, ಸ್ವಿಚ್ ಒತ್ತಿದ. ವಿಶಲ್ ಒಂದು ಸಲ ಕೂಗಿತು. ನೋವು ಕಾಲು ಕಿತ್ತಿತು!

"ಮಾವಾ, ಇಲ್ಲ! ಒಂಚೂರೂ ಇಲ್ಲ!" ಚಿನ್ಮಯಿ ಎದ್ದು ಕುಣಿದಳು. ಖುಷಿಗೇ ಕಣ್ಣಲ್ಲಿ ನೀರು ಬಂತು.

ಮಾವ ಕಾಲರ್ ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕೂಗು: "ಶ್ರೀಕಂಠೂ! ಮಿಕ್ಸಿ ನರಳ್ತಾ ಇದೆ ಕಣೋ!"

ನಿಜವೇ. ಅರ್ಧ ರುಬ್ಬಿದ ಚಟ್ನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಿಕ್ಸಿ ನರಳುತ್ತಿತ್ತು. ಗ್ರೈಂಡರ್ ಒಂದು ಮಗ್ಗುಲಿಗೆ ಉರುಳಿ ಮಲಗಿತ್ತು. ಫ್ರಿಜ್ಜು ಬಾಗಿಲು ಬಿಗಿದುಕೊಂಡು ಮುನಿಸಿನಿಂದ ನಿಂತಿತ್ತು. ಮಾವ ಬಾಗಿಲು ಎಳೆದರೆ, ಅವನ ಎದೆಗೆ ಒಂದು ಬದನೆಕಾಯಿ ಎಸೆದು ಮತ್ತೆ ಮುಚ್ಚಿಕೊಂಡಿತು.

"ನೋವು ವೈರಲ್ಲಿ ಹರಿದು ಇಲ್ಲಿಗೆ ಬಂದ್ಬಿಟ್ಟಿದೆ! ಲಕ್ಷಣ ಎಲ್ಲಾ ಒಂದೇ! ಪ್ರಯೋಗ ಗೆದ್ದಿತಮ್ಮ!"

"ಗೆದ್ದಿತಂತೆ! ಹಾಗಾದ್ರೆ ಇವೂ ಮುಟ್ಟಾದ ಹಾಗೇ ತಾನೆ?"

"ವೈಜ್ಞಾನಿಕವಾಗಿ ನೋಡಿದ್ರೆ... ಹೌದು."

"ಮತ್ತೆ ನನ್ನ ಅಡುಗೆಮನೇಲಿ ಇವಕ್ಕೇನು ಕೆಲಸ? ಸಾಗಿಸು ಜಗುಲಿಗೆ!"

ಕಾನೂನೆಂದರೆ ಅಜ್ಜಿಗೆ ಕಾನೂನೇ. ಮಾವ ಏದುಸಿರು ಬಿಡುತ್ತ ಒಂದೊಂದನ್ನೇ ಹೊರಗೆ ಸಾಗಿಸಿದ. ವೈರ್ ಕಿತ್ತರೂ ಅವುಗಳ ನರಳಾಟ ನಿಲ್ಲಲಿಲ್ಲ. ಜಗುಲಿ ತುಂಬಿಹೋಯಿತು. ಫ್ರಿಜ್ಜಿಗೂ ಗ್ರೈಂಡರಿಗೂ ನಡುವೆ ಚಿನ್ಮಯಿ ಒಂಟಿಕಾಲಲ್ಲಿ ನಿಂತಿದ್ದಳು.

"ಅಜ್ಜಿ, ನಾನೆಲ್ಲಿ ಕೂತ್ಕೊಳ್ಲಿ?"

ಅಜ್ಜಿ ಜಗುಲಿ ನೋಡಿದಳು, ಮೊಮ್ಮಗಳನ್ನು ನೋಡಿದಳು. "ನಿಂದೆಲ್ಲಾ ಇವಕ್ಕೆ ಹೋಯ್ತಲ್ಲ. ಒಳಗೆ ಬಾ, ಊಟ ಮಾಡಿ ಆಟಕ್ಕೆ ಹೋಗು."

ಅಂಥ ದಿನದಲ್ಲಿ ಚಿನ್ಮಯಿ ಅಡುಗೆಮನೆಯಲ್ಲಿ ಉಂಡದ್ದು ಅದೇ ಮೊದಲು. ಹೊರಡುವಾಗ ತಿರುಗಿ ನೋಡಿದರೆ, ಅಜ್ಜಿ ಫ್ರಿಜ್ಜಿನ ಹೊಟ್ಟೆಗೆ ಬಿಸಿನೀರಿನ ಚೀಲ ಒತ್ತಿ ಹಿಡಿದಿದ್ದಳು. ನನಗೊಂದು ದಿನವೂ ಹೀಗೆ ಮಾಡಲಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಹೊತ್ತು ಮುಳುಗುವಾಗ ಚಿನ್ಮಯಿ ಕಪ್ ಗೆದ್ದು ಬಂದಳು. ಬೀದಿಯೆಲ್ಲ ಕತ್ತಲು! ನೋವು ಮನೆಯ ತಂತಿ ಹಿಡಿದು ಕಂಬ ಹತ್ತಿತ್ತು. ಮೂಲೆಯ ಟ್ರಾನ್ಸ್‌ಫಾರ್ಮರ್ ನಡು ಬಗ್ಗಿಸಿಕೊಂಡು ಮುಲುಗುತ್ತಿತ್ತು. ಕೆಳಗೆ ನಿಂತ ಲೈನ್‌ಮನ್, ರಿಪೇರಿ ಮಾಡುವುದೋ ಜೀರಿಗೆ ಕಷಾಯ ಕುಡಿಸುವುದೋ ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಚಿನ್ಮಯಿಯ ಹೊಟ್ಟೆಯೂ ಮತ್ತೆ ಹಿಂಡತೊಡಗಿತು. ಪಟ್ಟಿ ನುಂಗಿದ್ದು ಆಗಿನ ನೋವನ್ನಷ್ಟೇ! ಅವಳು ಅಭ್ಯಾಸದಂತೆ ಜಗುಲಿಗೆ ಬಂದು ಮೆಟ್ಟಿಲ ಮೇಲೆ ಕುಸಿದಳು.

ಅಜ್ಜಿ ಫ್ರಿಜ್ಜಿನಿಂದ ಬಿಸಿನೀರಿನ ಚೀಲ ಕಿತ್ತು ಅವಳ ಹೊಟ್ಟೆಗಿಟ್ಟಳು. "ಮಧ್ಯಾಹ್ನದಿಂದ ಇವುಗಳ ನರಳಾಟ ಕೇಳಿ ಕೇಳಿ ನನ್ನ ಕರುಳು ಚುರುಕ್ ಅಂತಿದೆ. ಪ್ರತಿ ತಿಂಗಳೂ ನಿನಗೆ ಹೀಗೇ ಆಗುತ್ತೇನೇ?"

"ಹೂಂ ಅಜ್ಜಿ."

ಅಜ್ಜಿ ಅವಳ ತೋಳು ಹಿಡಿದಳು. "ಏಳು, ಒಳಗೆ ಹೋಗಿ ನನ್ನ ಮಂಚದ ಮೇಲೆ ಮಲಕ್ಕೋ. ಇನ್ಮೇಲೆ ಜಗುಲಿ ಏನಿದ್ರೂ ಫ್ರಿಜ್ಜಿಗೆ."

ಮಾವ ಪಟ್ಟಿ ಹಿಡಿದು ಮೆಲ್ಲಗೆ ಮುಂದೆ ಬಂದ. "ಅಮ್ಮಾ, ಇದರಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದ್ರೆ..."

"ಮೊದಲು ಒರಳು ತೊಳಿ ಶ್ರೀಕಂಠೂ. ನಾಳೆ ಚಟ್ನಿ ನೀನೇ ರುಬ್ಬಬೇಕು. ಅದೊಂದಕ್ಕೆ ವೈರಿಲ್ಲ."