ಹಸಿ ಭತ್ತ, ಹೊಸ ಮೀಟರ್

ಕೆಲಸದ ಜಾಗಕ್ಕೆ ಹೊಸ ಪದ್ಧತಿಯೊಂದನ್ನು ತಂದು ನೋಡಿ. ಅಲ್ಲಿಯವರೆಗೆ ಸುಮ್ಮನಿದ್ದವರೆಲ್ಲ ಪ್ರತಿಭಾವಂತರಾಗಿಬಿಡುತ್ತಾರೆ. ಕಂಪ್ಲಿಯ ನಮ್ಮ ರೈಸ್ ಮಿಲ್ಲಿನಲ್ಲಿ ಇದು ಆಗಾಗ ಆಗುತ್ತದೆ. ಪ್ರತಿ ಸಲವೂ ನಾನು ಬೆರಗಾಗಿ ನೋಡುತ್ತಾ ನಿಲ್ಲುತ್ತೇನೆ.

ನಾನು ಬಿ.ಎಸ್ಸಿ. ಓದಿದವಳು. ಊರು ಹೊಸಪೇಟೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮಿಲ್ಲಿಗೆ ಭತ್ತ ಬಂದಾಗ ಅದು ಒಣಗಿದೆಯೋ ಇಲ್ಲವೋ ಎಂದು ನೋಡುವುದು ಮೇಸ್ತ್ರಿಯ ಕೆಲಸ. ಕಾಳನ್ನು ಹಲ್ಲಿಗೆ ಹಾಕಿ ಕಡಿಯುತ್ತಿದ್ದರು. ಕಟ್ ಎಂದರೆ ಒಣಗಿದೆ, ಮೆತ್ತಗೆ ಸಿಕ್ಕರೆ ಹಸಿ. ಅಕ್ಕಿ ಕೊಳ್ಳುವ ದೊಡ್ಡ ವ್ಯಾಪಾರಿಗಳಿಗೆ ಈ ಲೆಕ್ಕ ಸಾಲದಾಯಿತು. ಹಾಗಾಗಿ ಮಿಲ್ಲಿನ ಸಾವ್ಕಾರರು ತೇವಾಂಶ ತೋರಿಸುವ ಮೀಟರ್ ತರಿಸಿದರು. ಅದರ ಜೊತೆಗೆ ನನ್ನನ್ನೂ.

"ನೋಡಮ್ಮ," ಎಂದರು. "ಈ ಸುಗ್ಗಿ ಮುಗಿಯೋದ್ರಾಗ ಎಲ್ಲಾರೂ ಮೀಟರ್ ಹಿಡೀಬೇಕು. ಇಲ್ಲಾಂದ್ರ ಮೀಟರ್ ವಾಪಸ್ ಕಳಸ್ತೀನಿ. ನಿನ್ನೂ ಕಳಸ್ತೀನಿ."

ಇದು ನನ್ನ ಮೊದಲ ನೌಕರಿ.

ಸಭೆ

ಸಾವ್ಕಾರರೇ ಸಭೆ ಕರೆದರು. ಮೇಸ್ತ್ರಿ, ಗುಮಾಸ್ತರು, ಹಮಾಲರು ಎಲ್ಲರೂ ಗೇಟಿನ ಹತ್ತಿರ ಸೇರಿದರು. ಪಕ್ಕದಲ್ಲೇ ಬುಕ್ಕಸಾಗರದಿಂದ ಬಂದ ಟ್ರ್ಯಾಕ್ಟರ್ ನಿಂತಿತ್ತು.

"ಕಾಲ ಬದಲಾಗೈತಿ," ಎಂದು ಸಾವ್ಕಾರರು ಗಟ್ಟಿಯಾಗಿ ಹೇಳಿದರು. "ಇವತ್ತಿಂದ ನೆಲ್ಲು ಕಡಿಯೋದು ಬಂದ್. ಯಾರರ ಕಡಿದ್ರ ನಾ ಸುಮ್ನಿರಲ್ಲ. ಗೊತ್ತಾತೇನ್ರಿ?"

"ಆಗ್ಲಿ ಸಾವ್ಕಾರ್ರ," ಎಂದು ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ಒಬ್ಬರೂ ಎದುರಾಡಲಿಲ್ಲ. ಇಷ್ಟು ಸುಲಭವೇ ಎಂದು ನನಗೆ ಖುಷಿಯಾಯಿತು.

ಸಾವ್ಕಾರರು ಮಾತು ಮುಗಿಸಿ, ಬಾಯಲ್ಲಿದ್ದ ಭತ್ತದ ಹೊಟ್ಟನ್ನು ಪಕ್ಕಕ್ಕೆ ಉಗಿದು, ಟ್ರ್ಯಾಕ್ಟರಿನವನ ಕಡೆ ತಿರುಗಿದರು. "ಈ ಲೋಡು ಬ್ಯಾಡಪ. ಇನ್ನಾ ಹಸಿ ಐತಿ."

ಜ್ವಾಪಾನ

ಮರುದಿನ ಮೀಟರ್ ಕಾಣಲಿಲ್ಲ. ಹುಡುಕಿದೆ. ಗುಮಾಸ್ತರ ಗಾಜಿನ ಬೀರುವಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಅದರ ಮೇಲೊಂದು ಟವೆಲ್ ಸುತ್ತಿಕೊಂಡು ಕೂತಿತ್ತು. ಬೀರುವಿಗೆ ಬೀಗ.

"ಹೊಸಾ ಸಾಮಾನ್ರಿ ಮೇಡಂ," ಎಂದರು ಗುಮಾಸ್ತರು. "ಎಲ್ಲಾರೂ ಮುಟ್ಟಿದ್ರ ಕೆಡತೈತಿ."

"ಬಳಸೋಕೆ ಅಂತಾನೇ ತಂದಿರೋದು ಸರ್."

"ಅದಕ್ಕ ಜ್ವಾಪಾನ ಮಾಡೀನಿ. ಕೆಟ್ರ ಬಳಸೋದು ಹೆಂಗ?"

ತರ್ಕದಲ್ಲಿ ತಪ್ಪು ಹುಡುಕುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಇದರಲ್ಲಿ ಸಿಗಲಿಲ್ಲ. ಕೊನೆಗೆ, "ಯಾವಾಗ ಹೊರಗೆ ತೆಗೀತೀರಿ?" ಎಂದು ಕೇಳಿದೆ.

"ಹಳೇದಾಗ್ಲಿ ತಡೀರಿ," ಎಂದರು.

ಪೂಜೆ

ಪೂಜೆಯಾಗದ ಯಂತ್ರ ನಮ್ಮಲ್ಲಿ ಕೆಲಸಕ್ಕಿಳಿಯುವುದಿಲ್ಲ. ಅದಕ್ಕೇ ತಡ ಎಂದು ಮೇಸ್ತ್ರಿ ಹೇಳಿದಾಗ ನಂಬಿದೆ. ಶುಕ್ರವಾರ ಹೂವು ತಂದೆವು, ವಿಭೂತಿ ಹಚ್ಚಿದೆವು, ಊದಿನಕಡ್ಡಿ ಬೆಳಗಿದೆವು. ಹಮಾಲರು ಸಾಲಾಗಿ ಬಂದು ಕೈಮುಗಿದರು. ಯಾರಿಗೂ ಮೀಟರ್ ಮೇಲೆ ಸಿಟ್ಟಿಲ್ಲ, ಭಕ್ತಿಯೇ ಇದೆ ಎಂದು ನನ್ನ ಕಣ್ಣು ತುಂಬಿತು. ಆಗಲೇ ಮೇಸ್ತ್ರಿ ಕಾಯಿ ಒಡೆದು, ಮೀಟರಿನ ಕಾಳು ಹಾಕುವ ಬಟ್ಟಲಿಗೆ ಅದರ ನೀರು ಸುರಿದುಬಿಟ್ಟರು.

ಅವತ್ತಿಡೀ ಯಾವ ಭತ್ತ ಹಾಕಿದರೂ ಮೀಟರ್ ಹಸಿ ಎಂದೇ ತೋರಿಸಿತು. ಒರೆಸೋಣವೆಂದರೆ ಮೇಸ್ತ್ರಿ ಅಡ್ಡ ಬಂದರು. "ಪೂಜಿ ಮಾಡಿದ ದಿನಾನ ಒರಸ್ತಾರೇನ್ರಿ? ಇವತ್ತು ಅದಕ್ಕ ರಜಾ ಇರ್ಲಿ."

ಮೀಟರ್ ರಜೆಯಲ್ಲಿತ್ತು. ಹಲ್ಲುಗಳು ಕೆಲಸ ಮಾಡಿದವು.

ಸಂಜೆ ಸಾವ್ಕಾರರು ಫೋನ್ ಮಾಡಿದರು. "ಏನಮ್ಮ, ಎಲ್ಲಾರೂ ಮೀಟರ್ ಮುಟ್ಟಿದ್ರಾ?"

ಸುಳ್ಳು ಹೇಳಲಿಲ್ಲ. "ಮುಟ್ಟಿ ಕಣ್ಣಿಗೆ ಒತ್ತಿಕೊಂಡರು ಸರ್," ಎಂದೆ.

ಎಮ್ಮಿಗನೂರಿನ ಬೀಗರು

ಸುಗ್ಗಿ ಅರ್ಧ ಕಳೆಯಿತು. ಮೀಟರ್ ಎಷ್ಟು ನಿಖರ, ಅದನ್ನು ಹಿಡಿಯುವುದು ಹೇಗೆ ಎಂದು ನಾನು ಹೇಳದ ದಿನವಿಲ್ಲ. "ಭಾಳ ಚಲೋ ಐತ್ರಿ," ಎನ್ನುತ್ತಾ ಎಲ್ಲರೂ ಕಡಿಯುತ್ತಿದ್ದರು. ಹೊಸಪೇಟೆಯಲ್ಲಿ ಬೇರೆ ಕೆಲಸ ಕೇಳಲು ಶುರು ಮಾಡಿದ್ದೆ.

ಒಂದು ಬೆಳಿಗ್ಗೆ ಎಮ್ಮಿಗನೂರಿನಿಂದ ಭತ್ತದ ಟ್ರ್ಯಾಕ್ಟರ್ ಬಂತು. ಇಳಿದವರು ಮೇಸ್ತ್ರಿಯ ಬೀಗರು. ಮೇಸ್ತ್ರಿ ಮಗಳನ್ನು ಕೊಟ್ಟಿರುವುದು ಅವರ ಮನೆಗೇ.

"ಬರ್ರಿ ಬೀಗ್ರ, ಕುಂದ್ರಿ," ಎಂದು ಮೇಸ್ತ್ರಿ ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

ಬೀಗರು ಮೀಸೆ ತಿರುವಿದರು. "ಒಂದು ಕಾಳು ಕಡಿದು ಹೇಳಿಬಿಡ್ರಿ ಬೀಗ್ರ. ನಿಮ್ಮ ಮಾತೇ ಕಡಿ ಮಾತು."

ಮೇಸ್ತ್ರಿ ಚೀಲಕ್ಕೆ ಕೈಹಾಕಿದರು. ಕೈ ಅಲ್ಲೇ ನಿಂತಿತು. ಭತ್ತ ತಣ್ಣಗಿತ್ತು, ಮುಟ್ಟಿದರೇ ಹಸಿ ಎಂದು ಗೊತ್ತಾಗುವಷ್ಟು. ಹಸಿ ಎಂದರೆ ಮಗಳು ಅತ್ತೆಮನೆಯಲ್ಲಿ ಮಾತು ಕೇಳಬೇಕು. ಒಣಗಿದೆ ಎಂದರೆ ಸಾವ್ಕಾರರ ಬಾಯಿಗೆ ಸಿಗಬೇಕು. ಮೇಸ್ತ್ರಿ ಆಕಾಶ ನೋಡಿದರು. ಕುರ್ಚಿಯಲ್ಲಿದ್ದ ಬೀಗರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮೇಡಂ! ಜಲ್ದಿ ಮೀಟರ್ ತರ್ರಿ!"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಓಡಿದೆ. ಮೇಸ್ತ್ರಿ ಸ್ವತಃ ಕಾಳು ಹಾಕಿ ಬಟನ್ ಒತ್ತಿದರು. ನಾನು ಕಲಿಸಿದ್ದು ಒಂದಕ್ಷರವೂ ತಪ್ಪಿರಲಿಲ್ಲ.

"ಏನಂತೈತಿ ಅದು?" ಎಂದರು ಬೀಗರು.

"ಹಸಿ ಅಂತೈತ್ರಿ."

"ನೀವೇನಂತೀರಿ?"

"ನಾನಾಗಿದ್ರ ಒಣಗೈತಿ ಅಂದು ಕಳಿಸ್ತಿದ್ದೆ ಬೀಗ್ರ. ಏನ್ ಮಾಡ್ಲಿ? ಈಗ ಎಲ್ಲಾ ಇದರದೇ ಕಾರುಬಾರು. ನಮ್ಮ ಬಾಯಿಗೆ ಕಿಮ್ಮತ್ತಿಲ್ಲ."

ಬೀಗರು ಮೀಟರನ್ನು ಕೆಕ್ಕರಿಸಿ ನೋಡಿದರು. "ಅಂಗೈಯಷ್ಟಿಲ್ಲ, ಎಷ್ಟು ಸೊಕ್ಕು ನೋಡ್ರಿ ಇದಕ್ಕ!"

"ಬೀಗತನ ಗೊತ್ತಿಲ್ರಿ ಇದಕ್ಕ," ಎಂದು ಮೇಸ್ತ್ರಿ ನಿಟ್ಟುಸಿರು ಬಿಟ್ಟರು.

ಇಬ್ಬರೂ ಕೂತು ಇನ್ನೊಂದು ಚಹಾ ಕುಡಿದರು, ಮೀಟರನ್ನು ಮನಸಾರೆ ಬೈದರು, ನಗುತ್ತಾ ಬೀಳ್ಕೊಂಡರು. ಭತ್ತ ಒಣಗಲು ವಾಪಸ್ ಹೋಯಿತು. ನಾನು ಇಡೀ ಸುಗ್ಗಿ ನಿಖರತೆಯ ಬಗ್ಗೆ ಭಾಷಣ ಮಾಡಿದ್ದೆ. ಅವರಿಗೆ ಬೇಕಾಗಿದ್ದುದು ನೆಂಟರಿಲ್ಲದ ಒಬ್ಬ ಮೇಸ್ತ್ರಿ.

ಮೊದಲಿನಿಂದ ಬಂದ ಪದ್ಧತಿ

ಆಮೇಲೆ ಮೀಟರಿಗೆ ಕೆಲಸವೋ ಕೆಲಸ. ಬೀಗರು ಮೇಸ್ತ್ರಿಯೊಬ್ಬರಿಗೇ ಇರಲಿಲ್ಲ. ಗುಮಾಸ್ತರು ಹಿಡಿದರು, ಹಮಾಲರು ಹಿಡಿದರು. ಸುಗ್ಗಿ ಮುಗಿಯುವಾಗ ಒಬ್ಬರೂ ಕಾಳು ಕಡಿಯುತ್ತಿರಲಿಲ್ಲ. ಗೆದ್ದೆ ಎಂದುಕೊಂಡು ಸಾವ್ಕಾರರ ಮುಂದೆ ನಿಂತೆ.

"ಭಾಳ ಚಲೋ ಆತಮ್ಮ," ಎಂದರು. "ಎಲ್ಲಾರೂ ಕಲ್ತ್ರು. ಇನ್ನ ನಿನಗ ಇಲ್ಲೇನ್ ಕೆಲಸ ಐತಿ?"

ತಂದಿದ್ದ ಮೀಟರನ್ನು ಅವರ ಮೇಜಿನ ಮೇಲಿಟ್ಟೆ.

ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದರು. ಸಾವ್ಕಾರರು ಅವರನ್ನು ಒಳಗೆ ಕರೆದು, ಮೇಜಿನ ಮೇಲಿದ್ದ ಇನ್ನೊಂದು ಮೀಟರ್ ತೋರಿಸಿದರು. ಮುಂಜಾನೆಯಷ್ಟೇ ಬಂದಿತ್ತಂತೆ. ಅಳೆದದ್ದೆಲ್ಲ ನೇರವಾಗಿ ಸಾವ್ಕಾರರ ಫೋನಿಗೆ ಹೋಗುತ್ತದೆ. "ಮುಂದಿನ ಸುಗ್ಗಿಗೆ ಇದನ್ನ ಹಿಡೀರಿ," ಎಂದರು.

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದರು. "ಆಗಲ್ರಿ ಸಾವ್ಕಾರ್ರ. ಇಲ್ಲಿ ಮೊದಲಿಂದ ನಡಕಂಡು ಬಂದ ಪದ್ಧತಿ ಒಂದು ಐತಿ. ಕಾಳು ಹಾಕೋದು, ಬಟನ್ ಒತ್ತೋದು, ಬೀಗ್ರಿಗೆ ತೋರ್ಸೋದು. ಈ ಹೊಸಾ ಮಷೀನು ನಮ್ಮ ತಲೀಗೆ ಹತ್ತಂಗಿಲ್ಲ."

ಸಾವ್ಕಾರರು ಹಣೆ ಹಿಡಿದುಕೊಂಡು ನನ್ನ ಕಡೆ ನೋಡಿದರು. "ಇವ್ರನ್ನ ಒಪ್ಪಸಾಕ ನೀ ಇನ್ನೊಂದು ಸುಗ್ಗಿ ಇರಬೇಕಮ್ಮ."

ಹೊರಗೆ ಬಂದ ಮೇಲೆ ಸಮಾಧಾನವಾಗಿ ಹೇಳಿದೆ: "ಮೇಸ್ತ್ರಿ, ಹೆದರಬೇಡಿ. ಆ ಮೀಟರ್ ಇನ್ನೂ ಸುಲಭ. ನಾನು ಕಲಿಸ್ತೀನಿ."

ಮೇಸ್ತ್ರಿ ಆಚೀಚೆ ನೋಡಿ ದನಿ ತಗ್ಗಿಸಿದರು. "ಅದನ್ನ ಇವತ್ತು ಮುಂಜಾನೇನ ಕಲ್ತೀನ್ರಿ, ಹಮಾಲರಿಗೂ ಕಲಿಸೀನಿ. ಆದ್ರ ನಾವು ಜಲ್ದಿ ಒಪ್ಪಿದ್ರ ನಿಮ್ಮ ನೌಕರಿ ಹೋಗ್ತೈತಿ. ಅದಕ್ಕ ಎಲ್ಲಾರೂ ಮಾತಾಡ್ಕಂಡೀವಿ, ಈ ಸಲ ಎರಡು ಸುಗ್ಗಿ ಒಪ್ಪಂಗಿಲ್ಲ. ನೀವು ಆರಾಮಾಗಿ ಕಲಸ್ತಾ ಇರ್ರಿ."