ನನ್ನ ಪರವಾಗಿ ಹೌದೆನ್ನುವ ಹುಬ್ಬುಗಳಿಗೆ

ಶ್ರೀಯುತ ಎಡ ಹುಬ್ಬು ಹಾಗೂ ಶ್ರೀಯುತ ಬಲ ಹುಬ್ಬು ಇವರ ಸನ್ನಿಧಾನಕ್ಕೆ,
ಹಣೆಯ ಕೆಳಗೆ, ಕಣ್ಣುಗಳ ಮೇಲ್ಮಹಡಿ,
ಲಿಪಾ ನಗರ, ಬತಾಂಗಾಸ್, ಫಿಲಿಪೀನ್ಸ್.

ಮಾನ್ಯರೇ,

ವೃತ್ತಿಯಿಂದ ವೆಬ್ ಡಿಸೈನರನೂ, ಇಪ್ಪತ್ತೇಳು ವರ್ಷಗಳಿಂದ ತಮ್ಮ ಕೆಳಮನೆಯಲ್ಲೇ ವಾಸವಾಗಿರುವವನೂ ಆದ ಕೆರ್ವಿನ್ ದಿಮಾಯುಗ ಎಂಬ ನಾನು, ತಮ್ಮ ಉನ್ನತ ಸ್ಥಾನಕ್ಕೆ ತಲೆಬಾಗಿ, ತಲೆ ಬಾಗಿದರೆ ತಾವೂ ಜೊತೆಗೇ ಕೆಳಗಿಳಿಯಬೇಕಾಗುವ ತೊಂದರೆಗೆ ಮೊದಲೇ ಕ್ಷಮೆ ಕೋರಿ, ಸವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಸೇವೆಯ ಬಗ್ಗೆ ನನ್ನದೊಂದು ದೂರಿದೆ. ಇದನ್ನು ಖಾಸಗಿಯಾಗಿ, ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಹೇಳಬಹುದಿತ್ತು. ಎರಡು ಬಾರಿ ಪ್ರಯತ್ನಿಸಿದೆ ಕೂಡ. ಆದರೆ "ನನ್ನ ದೂರು ಸ್ವಲ್ಪ ಕೇಳಿಸ್ಕೊಳ್ತೀರಾ?" ಎನ್ನುತ್ತಲೇ ತಾವಿಬ್ಬರೂ ಟಕ್ಕನೆ ಮೇಲೇರಿ ಒಪ್ಪಿಗೆ ಕೊಟ್ಟು, ಮರುಕ್ಷಣ ಏನೂ ಆಗಿಲ್ಲವೆಂಬಂತೆ ಸ್ವಸ್ಥಾನದಲ್ಲಿ ಕುಳಿತುಬಿಟ್ಟಿರಿ. ಹಾಗಾಗಿ ಈ ಪತ್ರವನ್ನು ನನ್ನ ಸ್ವಂತ ವೆಬ್‌ಸೈಟಿನ 'ನನ್ನ ಬಗ್ಗೆ' ಎಂಬ ಪುಟದಲ್ಲಿ ಹಾಕುತ್ತಿದ್ದೇನೆ. ಊರವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ನನ್ನದೇ ಸೈಟಿನ ಆ ಪುಟದಲ್ಲಿ ನಾಲ್ಕು ವರ್ಷಗಳಿಂದ 'ಪುಟ ಸಿದ್ಧವಾಗುತ್ತಿದೆ, ದಯವಿಟ್ಟು ಮತ್ತೆ ಬನ್ನಿ' ಎಂಬ ಒಂದೇ ಸಾಲಿತ್ತು. ಕೊನೆಗೂ ಅದಕ್ಕೊಂದು ವಿಷಯ ಒದಗಿಸಿದ್ದಕ್ಕಾಗಿ ತಮಗೆ ವಂದನೆಗಳು.

ತಮ್ಮ ಮನೆತನದ ಹಿರಿಮೆ ನಾನು ಅರಿಯದ್ದಲ್ಲ. ನಮ್ಮಲ್ಲಿ ಹುಬ್ಬು ಮೇಲೇರಿತೆಂದರೆ ಹೌದು ಎಂದೇ ಅರ್ಥ. ಅದಕ್ಕೆ ಸಾಕ್ಷಿ ಬೇಕಿಲ್ಲ, ಸಹಿ ಬೇಕಿಲ್ಲ. ಮೂಲೆಯಂಗಡಿಯ ಮುಂದೆ ನಿಂತು "ಮೊಟ್ಟೆ ಇದ್ಯಾ?" ಎಂದರೆ ಅಂಗಡಿಯಾಕೆಯ ಹುಬ್ಬು ಏರುತ್ತದೆ, ಮೊಟ್ಟೆ ಬರುತ್ತದೆ. ಜೀಪ್ನಿ ಎಂಬ ಪುಟ್ಟ ಬಾಡಿಗೆ ಬಸ್ಸು ಓಡಿಸುವ ನನ್ನ ತಂದೆ ದಾರಿಬದಿಯಲ್ಲಿ ನಿಂತವರನ್ನು ನೋಡಿ ಹುಬ್ಬೇರಿಸುತ್ತಾರೆ, ಅವರೂ ಹುಬ್ಬೇರಿಸಿ ಹತ್ತಿ ಕೂರುತ್ತಾರೆ. ಇಡೀ ದಿನದಲ್ಲಿ ಆ ಮನುಷ್ಯ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಮದುವೆಯ ದಿನ ಚರ್ಚಿನಲ್ಲಿ ಪಾದ್ರಿಗಳು "ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ?" ಎಂದು ಕೇಳಿದಾಗಲೂ ಅವರು ಹುಬ್ಬನ್ನೇ ಏರಿಸಿದರಂತೆ, ಪಾದ್ರಿಗಳು ನಮ್ಮ ಕಡೆಯವರೇ ಆಗಿದ್ದರಿಂದ ಮದುವೆ ಊರ್ಜಿತವಾಯಿತು, ಹೊರಗಿನವರಾಗಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. "ನಿಮ್ಮಪ್ಪ ಇವತ್ತಿನವರೆಗೂ ನನ್ನನ್ನ ಒಪ್ಪಿದೀನಿ ಅಂತ ಬಾಯಿಬಿಟ್ಟು ಹೇಳಿಲ್ಲ ಕಣೋ" ಎಂದು ನನ್ನ ಇನಾಯ್, ಅಂದರೆ ಹೆತ್ತ ತಾಯಿ, ಪ್ರತಿವರ್ಷ ಮದುವೆಯ ದಿನ ಬಂದಾಗ ನೆನಪಿಸುತ್ತಾಳೆ. ಅಪ್ಪ ಅದಕ್ಕೂ ಹುಬ್ಬೇರಿಸುತ್ತಾರೆ.

ಇಂಥ ವಂಶದ ಕುಡಿಯಾದ ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂಬುದನ್ನು ತಾವು ದಿನವೂ ಮೇಲಿನಿಂದ ನೋಡುತ್ತಿದ್ದೀರಿ. ಬಟನ್‌ಗಳನ್ನು ಮಾಡುತ್ತೇನೆ. ಇನಾಯ್ ಕೇಳಿದವರಿಗೆಲ್ಲ "ಕಂಪ್ಯೂಟರಲ್ಲಿ ಏನೋ ಬಣ್ಣ ಹಚ್ತಾನೆ, ಪಾಪ, ಇಡೀ ದಿನ ಕೂತೇ ಇರ್ತಾನೆ" ಎನ್ನುತ್ತಾಳೆ. ಅದಕ್ಕಿಂತ ಸರಿಯಾದ ವಿವರಣೆ ನನಗೂ ಗೊತ್ತಿಲ್ಲ. ಆದರೆ ಬಟನ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಖಡಾಖಂಡಿತ. ಒತ್ತಿದರೆ ಏನಾಗುತ್ತದೆಂದು ಬಟನ್ನಿನ ಮೇಲೆ ಬರೆದಿರಬೇಕು, 'ಹೌದು' ಮತ್ತು 'ಬೇಡ' ಎರಡೂ ಒಂದೇ ಬಣ್ಣದಲ್ಲಿರಬಾರದು, 'ಬೇಡ' ಎಂಬುದನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಚ್ಚಿಡುವುದು ಶುದ್ಧ ಮೋಸ ಎಂದು ಹೊಸಬರಿಗೆ ಪಾಠ ಹೇಳಿದ್ದೇನೆ, ಒಮ್ಮೆ ಕಾಲೇಜೊಂದರಲ್ಲಿ ಮುಕ್ಕಾಲು ಗಂಟೆ ಭಾಷಣವನ್ನೂ ಬಿಗಿದಿದ್ದೇನೆ. ಅಂಥ ನನ್ನ ಮುಖದ ಮೇಲಿರುವುದು ಒಂದೇ ಬಟನ್. ಅದರ ಮೇಲೆ ಏನೂ ಬರೆದಿಲ್ಲ, ಯಾರು ಏನು ಕೇಳಿದರೂ ಅದು ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತದೆ, ಮತ್ತು 'ಬೇಡ' ಎಂಬುದನ್ನು ಅಳವಡಿಸುವುದೇ ಮರೆತುಹೋಗಿದೆ.

ತಮ್ಮ ಔದಾರ್ಯದ ಫಲವನ್ನು ಯಥೇಚ್ಛವಾಗಿ ಉಂಡವರು ನನ್ನ ಚಿಕ್ಕಮ್ಮ ತಿಯಾ ಪುರಿಂಗ್. ಅವರ ಮಗಳು ಸರ್ಕಾರದ ವೃತ್ತಿ ಲೈಸೆನ್ಸ್ ಪರೀಕ್ಷೆ ಪಾಸಾದಾಗ ಮನೆಯ ಮುಂದೆ ಕಟ್ಟುವ ಅಭಿನಂದನೆಯ ಬ್ಯಾನರು ನನ್ನಿಂದಲೇ ಆಗಬೇಕೆಂದರು, ತಾವು ಏರಿದಿರಿ. "ಅವಳ ಮುಖ ಇನ್ನೂ ದೊಡ್ಡದು ಮಾಡೋ, ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು" ಎಂದರು, ಏರಿದಿರಿ. "ಈ ಬಿಳೀ ಜಾಗ ಯಾಕೆ ದಂಡಕ್ಕೆ ಬಿಟ್ಟಿದೀಯ, ಗುಲಾಬಿ ಹೂ ಹಾಕು" ಎಂದರು. ಖಾಲಿ ಜಾಗವೇ ವಿನ್ಯಾಸದ ಉಸಿರು ಎಂದು ನಂಬಿರುವ ನಾನು ಉಸಿರೆತ್ತಲಿಲ್ಲ, ತಾವು ಮಾತ್ರ ಏರಿದಿರಿ. ಈಗ ಆ ಬ್ಯಾನರು ನಮ್ಮ ಬೀದಿಯ ತಿರುವಿನಲ್ಲಿ ಎಂಟು ಅಡಿ ಎತ್ತರಕ್ಕೆ ನಿಂತಿದೆ, ಅದರ ಕೆಳಗೆ ನನ್ನ ಹೆಸರೂ ಫೋನ್ ನಂಬರೂ ಇವೆ. ಮೊನ್ನೆ ಅವರೇ "ಕಂಪ್ಯೂಟರ್ ಗೊತ್ತಲ್ಲ ನಿಂಗೆ, ನಮ್ಮ ಫ್ರಿಜ್ ಒಂಚೂರು ನೋಡ್ತೀಯಾ?" ಎಂದು ಕೇಳಿದಾಗಲೂ ತಾವು ಹಿಂದೆಮುಂದೆ ನೋಡಲಿಲ್ಲ. ಒಂದು ಶನಿವಾರವಿಡೀ ಅದರ ಬೆನ್ನು ಬಿಚ್ಚಿಕೊಂಡು ಕುಳಿತೆ. ಅದು ಈಗ ತಣ್ಣಗಾಗುವುದಿಲ್ಲ, ಆದರೆ ಇರುವೆ ಹತ್ತುವುದಿಲ್ಲವೆಂದು ತಿಯಾ ಅದರಲ್ಲಿ ಸಕ್ಕರೆ ಡಬ್ಬಿ ಇಟ್ಟುಕೊಂಡಿದ್ದಾರೆ.

ಇನ್ನು ತಮ್ಮ ಕೀರ್ತಿ ಸಮುದ್ರ ದಾಟಿದ ಕಥೆ. ಡೆನ್ಮಾರ್ಕಿನಲ್ಲಿ ಮರದ ಕುರ್ಚಿಗಳನ್ನು ಮಾಡುವ ಸಣ್ಣದೊಂದು ಕಾರ್ಖಾನೆಗೆ ನಾನು ವೆಬ್‌ಸೈಟ್ ಮಾಡಿಕೊಟ್ಟೆನಷ್ಟೆ. ಅಲ್ಲಿನ ಒಡತಿ ಲೋನೆ ಅವರಿಗೆ ಬೆಳಗ್ಗೆ ಒಂಬತ್ತಾದಾಗ ನನಗೆ ಸಂಜೆ ನಾಲ್ಕು, ವೀಡಿಯೊದಲ್ಲಿ ಎದುರುಬದುರಾಗುತ್ತಿದ್ದೆವು. ಮೊದಲ ದಿನ ಅವರು "ಶುಕ್ರವಾರದೊಳಗೆ ಆಗುತ್ತಾ?" ಎಂದು ಕೇಳಿದರು. ಧಾರಾಳವಾಗಿ ಆಗುತ್ತಿತ್ತು, ತಾವು ಏರಿದಿರಿ. ಅವರು ಉತ್ತರಕ್ಕೆ ಕಾದರು. ಕೇಳಿಸಲಿಲ್ಲವೇನೋ ಎಂದುಕೊಂಡು ತಾವು ಇನ್ನೂ ಎತ್ತರಕ್ಕೆ ಏರಿದಿರಿ. "ಅಯ್ಯೋ, ಅಷ್ಟೊಂದು ಗಾಬರಿ ಬೀಳ್ಬೇಡ ಮಾರಾಯ, ಮುಂದಿನ ಶುಕ್ರವಾರ ಕೊಡು" ಎಂದರು. ಅದಕ್ಕೂ ತಾವು ಸಂತೋಷದಿಂದ ಸಮ್ಮತಿಸಲಾಗಿ, ಅವರು ಇನ್ನೊಂದು ವಾರ ಹಿಂದಕ್ಕೆ ಸರಿದರು. ಜೀವಮಾನದಲ್ಲಿ ಯಾರೊಂದಿಗೂ ಚೌಕಾಸಿ ಮಾಡದ ನಾನು ಹೀಗೆ ಬಾಯಿ ತೆರೆಯದೆ ಎರಡು ವಾರ ಗಳಿಸಿ, ಬಹಳ ಬಿಗಿ ಮನುಷ್ಯನೆಂದು ಆ ದೇಶದಲ್ಲಿ ಹೆಸರಾದೆ.

ಆದರೆ ತಾವು ಕೊಟ್ಟದ್ದನ್ನು ತಾವೇ ಕಿತ್ತುಕೊಂಡಿರಿ. ವೆಬ್‌ಸೈಟಿನ ಮುಖಪುಟದಲ್ಲಿ ಚಿತ್ರಗಳು ಒಂದರ ಹಿಂದೆ ಒಂದು ಜಾರುತ್ತಾ ಹೋಗುವುದೆಂದರೆ ನನಗೆ ಮೈಯುರಿ. ಓದುವವನ ಕೈಯಿಂದ ತಟ್ಟೆ ಎಳೆದುಕೊಂಡಂತೆ ಅದು. ಕಾರ್ಖಾನೆಯವರ ಒತ್ತಾಯಕ್ಕೆ ಹಾಕಿದ್ದೆ. ಒಂದು ದಿನ ಲೋನೆ ತಾವಾಗಿಯೇ "ಈ ಜಾರೋ ಚಿತ್ರಗಳನ್ನ ತೆಗೆದುಬಿಡೋಣ ಅಂತಿದೀನಿ, ಒಪ್ಪಿಗೇನಾ?" ಎಂದರು. ನನ್ನ ಎದೆ ಹಿಗ್ಗಿತು, ತಾವು ಹಣೆಯ ಅಂಚು ಮುಟ್ಟುವಷ್ಟು ಮೇಲೆ ಹಾರಿದಿರಿ. "ಸರಿ ಸರಿ, ಬೇಜಾರ್ ಮಾಡ್ಕೋಬೇಡ, ನಿನ್ನ ಆಸೆ ಹಾಗಿದ್ರೆ ಇರ್ಲಿ ಬಿಡು" ಎಂದು ಅವರು ಸಮಾಧಾನಪಡಿಸಿದರು. ಆ ಕುರ್ಚಿಗಳು ಇವತ್ತಿಗೂ ಜಾರುತ್ತಲೇ ಇವೆ. ಕಡೆಗೊಂದು ದಿನ ನಾನು ನಾಚಿಕೆ ಬಿಟ್ಟು ತಮ್ಮ ನಿಜಾರ್ಥವನ್ನು ಬರೆದು ತಿಳಿಸಿದಾಗ ಲೋನೆ ಬಿದ್ದುಬಿದ್ದು ನಕ್ಕು, ಆಮೇಲೆ ನಗು ನಿಲ್ಲಿಸಿ, "ಅಲ್ಲಪ್ಪಾ, ಹಾಗಾದ್ರೆ ನೀನು ಇಷ್ಟು ದಿನ ಎಲ್ಲದಕ್ಕೂ ಹೌದು ಅಂತಲೇ ಇದ್ಯಾ? ಒಂದಕ್ಕೂ ಬೇಡ ಅನ್ನಿಸ್ಲಿಲ್ವಾ ನಿಂಗೆ?" ಎಂದು ಕೇಳಿದರು.

ಇಷ್ಟೆಲ್ಲ ಸಹಿಸಿಕೊಂಡವನು ಈಗೇಕೆ ದೂರು ಹೇಳುತ್ತಿದ್ದಾನೆಂದು ತಾವು ಕೇಳಬಹುದು. ಕಾರಣ ಮರಿಕಾರ್. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ, ಐದು ವರ್ಷಗಳಿಂದ ನನ್ನ ಪ್ರತಿ ಭಾನುವಾರವನ್ನೂ ಹಂಚಿಕೊಂಡಿರುವ, ನಾನು ಮದುವೆಯಾಗಬೇಕೆಂದುಕೊಂಡು ಆ ಮಾತನ್ನು ಇನ್ನೂ ಅವಳಿಗೆ ಹೇಳಬೇಕಾಗಿರುವ ಮರಿಕಾರ್. ಎರಡು ತಿಂಗಳ ಹಿಂದೆ, ಪೂಜೆ ಮುಗಿಸಿ ಚರ್ಚಿನ ಹಿಂದಿನ ಲೋಮಿ ಅಂಗಡಿಯಲ್ಲಿ ಕುಳಿತಿದ್ದೆವು. ಬಟ್ಟಲಲ್ಲಿ ಹೊಗೆಯಾಡುವ ದಪ್ಪ ನೂಡಲ್, ನನ್ನ ಬಾಯಿ ತುಂಬ ಅದೇ. ಅವಳು ಕಲಮನ್ಸಿ ನಿಂಬೆ ಹಿಂಡುತ್ತಾ, ನನ್ನ ಕಡೆ ನೋಡದೆ, "ಐರ್ಲೆಂಡಿಂದ ಕಾಗದ ಬಂತು ಕಣೋ. ಕೆಲಸ ಆಯ್ತು. ಮೂರು ವರ್ಷ" ಎಂದಳು. ಆಮೇಲೆ ನೋಡಿದಳು. "ಹೋಗ್ಲಾ?" ಎಂದಳು.

ಮಾನ್ಯರೇ, ಆ ಕ್ಷಣ ತಾವು ಏರಿದ್ದು ಹೌದೆನ್ನಲಿಕ್ಕಲ್ಲ. ಅವಳು ಅರ್ಜಿ ಹಾಕಿದ್ದೇ ನನಗೆ ತಿಳಿಯದು. ಹುಟ್ಟಿದಾಗಿನಿಂದ ಮೊತ್ತಮೊದಲ ಬಾರಿಗೆ ತಾವು, ಜಗತ್ತಿನ ಉಳಿದ ಹುಬ್ಬುಗಳೆಲ್ಲ ಏರುವ ಕಾರಣಕ್ಕೇ, ಗಾಬರಿಯಿಂದ ಏರಿದಿರಿ. ಎದುರಿಗೆ ಲೋನೆ ಕುಳಿತಿದ್ದರೆ ಥಟ್ಟನೆ ಅರ್ಥವಾಗುತ್ತಿತ್ತು. ಕುಳಿತಿದ್ದವಳು ನಮ್ಮೂರ ಹುಡುಗಿ. ಅವಳು ತಮ್ಮನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ ಹಾಗಾದ್ರೆ" ಎಂದು ಬಟ್ಟಲಿಗೆ ತಲೆ ತಗ್ಗಿಸಿದಳು.

ನೂಡಲ್ ನುಂಗಲು ನನಗೆ ಎಷ್ಟು ಹೊತ್ತು ಬೇಕಾದೀತು, ತಾವೇ ಹೇಳಿ. ನುಂಗಿದೆ. ನೀರು ಕುಡಿದೆ. ಬಾಯಿ ಖಾಲಿಯಾಯಿತು, ನಾಲಿಗೆ ಇದ್ದಲ್ಲೇ ಇತ್ತು, ಅವಳೂ ಎದ್ದುಹೋಗಿರಲಿಲ್ಲ. 'ನಾನೂ ಬರುತ್ತೇನೆ' ಎಂಬುದು ಎರಡೇ ಪದ. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತಾದರೂ ಕೆಲಸ ಮಾಡಬಲ್ಲೆ ಎಂದು ನನ್ನ ಸೈಟಿನ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡವನು ನಾನು. ಆದರೆ ನಾನು ಹೇಳಿದ್ದು "ಒಳ್ಳೇದಾಯ್ತು, ಅಲ್ಲಿ ಚಳಿ ಇರುತ್ತೆ, ಸ್ವೆಟರ್ ತಗೋ" ಎಂದು. ಎರಡು ತಿಂಗಳಿಂದ ಅವಳ ಕಾಗದಪತ್ರಗಳ ನಕಲು ತೆಗೆಸಿಕೊಟ್ಟೆ, ಸೂಟ್‌ಕೇಸ್ ಹೊತ್ತು ತಂದೆ, ಬೀಳ್ಕೊಡುಗೆಯ ಊಟಕ್ಕೆ ಬ್ಯಾನರು ಮಾಡಿಕೊಡುತ್ತೀಯಾ ಎಂದು ಅವಳ ಅಣ್ಣ ಕೇಳಿದಾಗ ತಾವು ಏರಿದಿರಿ, ಅದನ್ನೂ ಮಾಡಿಕೊಟ್ಟೆ. 'ಹೋಗಿ ಬಾ' ಎಂಬ ಅಕ್ಷರಗಳಿಗೆ ಯಾವ ಬಣ್ಣ ಹೊಂದುತ್ತದೆಂದು ಯೋಚಿಸುತ್ತಾ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತು ಅತ್ತೆ. ತಾವು ಆಗ ಏನು ಮಾಡುತ್ತಿದ್ದಿರೆಂದು ನಾನು ಗಮನಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ಇನ್ನು ಮುಂದೆ ಏರುವ ಮುನ್ನ ಕನಿಷ್ಠ ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ಒಪ್ಪಿಗೆಯ ಏರಿಕೆಗೆ ಹಸಿರು ಬಣ್ಣವನ್ನೂ ಗಾಬರಿಯ ಏರಿಕೆಗೆ ಕೆಂಪು ಬಣ್ಣವನ್ನೂ ತಳೆಯಬೇಕು. ತಿಯಾ ಪುರಿಂಗ್ ಅವರು ಕಣ್ಣಿಗೆ ಬಿದ್ದ ಕೂಡಲೇ ತಾತ್ಕಾಲಿಕವಾಗಿ ಕಿವಿಗಳ ಹಿಂದಕ್ಕೆ ಸ್ಥಳಾಂತರಗೊಳ್ಳಬೇಕು. ಇವು ಯಾವುವೂ ಸಾಧ್ಯವಿಲ್ಲದ ಪಕ್ಷದಲ್ಲಿ ತಮ್ಮಲ್ಲೊಬ್ಬರಾದರೂ ಸ್ವಯಂನಿವೃತ್ತಿ ಪಡೆಯಬೇಕು. ಇಷ್ಟು ಬರೆದ ಮೇಲೆ ಓದಿ ನೋಡಿದರೆ ನನಗೇ ಮುಖ ಸಣ್ಣಗಾಗುತ್ತದೆ. ತಾವು ಏರದೆ ಸುಮ್ಮನಿದ್ದಿದ್ದರೂ ಅವತ್ತು ನಾನು ಮಾತಾಡುತ್ತಿದ್ದೆ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ. ತಮ್ಮ ತಪ್ಪೆಂದರೆ ಇಷ್ಟು ವರ್ಷ ಹೇಡಿಯೊಬ್ಬನ ಪರವಾಗಿ ದುಡಿದದ್ದು. ಹೋಗಲಿ, ಇವತ್ತು ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಹತ್ತಿರ ಹೋಗುತ್ತಿದ್ದೇನೆ. ತಮ್ಮ ನೆರವು ಬೇಡ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹೋಗುತ್ತೇನೆ.

ಇಂತು, ತಾವು ಏರಿದಾಗಲೆಲ್ಲ ಕೆಳಗೆ ಬಿದ್ದ,
ತಮ್ಮ ವಿಶ್ವಾಸಿ,
ಕೆರ್ವಿನ್ ದಿಮಾಯುಗ

ತಾ.ಕ.: ಹೋಗಿ ಬಂದೆ. ಟೋಪಿಯ ಅಡಿಯಲ್ಲಿದ್ದುದರಿಂದ ತಮಗೆ ಕಾಣಿಸಿರಲಿಕ್ಕಿಲ್ಲ, ಹಾಗಾಗಿ ವರದಿ ಒಪ್ಪಿಸುತ್ತಿದ್ದೇನೆ. "ಮದುವೆ ಆಗೋಣ. ನಾನೂ ನಿನ್ ಜೊತೆ ಬರ್ಲಾ?" ಎಂದು ಬಾಯಿಬಿಟ್ಟೇ ಕೇಳಿದೆ, ಗೇಟಿನ ಕಾವಲುಗಾರನೂ ತಿರುಗಿ ನೋಡುವಷ್ಟು ಜೋರಾಗಿ. ಮರಿಕಾರಳ ಹುಬ್ಬುಗಳೆರಡೂ ಮೇಲೇರಿದವು, ಅಲ್ಲೇ ನಿಂತವು. ಒಪ್ಪಿಗೆಯೋ ಗಾಬರಿಯೋ ಎಂದು ಕೇಳಿದೆ. "ಅವತ್ತು ಲೋಮಿ ತಿನ್ನೋವಾಗ ನಿಂದು ಏನಾಗಿತ್ತು?" ಎಂದು ತಿರುಗಿ ಕೇಳಿದಳು. ಗಾಬರಿ ಎಂದು ಒಪ್ಪಿಕೊಂಡೆ. ಅವಳು ನನ್ನ ಟೋಪಿಯನ್ನು ಮೇಲಕ್ಕೆತ್ತಿ, ತಮ್ಮಿಬ್ಬರನ್ನೂ ಚೆನ್ನಾಗಿ ನೋಡಿ, ಜೀಪ್ನಿ ಹತ್ತುತ್ತಾ ಹೇಳಿದಳು: "ಹಾಗಾದ್ರೆ ನಂದೂ ಈಗ ಗಾಬರಿನೇ. ವಿಮಾನಕ್ಕೆ ಇನ್ನೂ ಹದಿನೇಳು ದಿನ ಇದೆ. ನಾನು ಎರಡು ತಿಂಗಳು ಕಾದೆ, ನೀನೂ ಸ್ವಲ್ಪ ಕಾಯಿ. ಹೇಳೋವಾಗ ಬಾಯಲ್ಲೇ ಹೇಳ್ತೀನಿ."